ಸಹಾಯ ಬೇಕು: 1914ರ ನ್ಯೂಯಾರ್ಕ್ ಸೆನೆಟ್ ಪ್ರೈಮರಿಯ ಹಳೆಯ ಪತ್ರಿಕೆಗಳು

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ಕಡೆ ಇರುವ ಕನ್ನಡಿಗರು ಯಾರಾದ್ರೂ ಇದ್ದೀರಾ?

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದು ಎಲ್ಲರಿಗೂ ಗೊತ್ತು. ಅವರು ಸೋತ ಒಂದು ಚುನಾವಣೆ ಬಗ್ಗೆ ನಾನು ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. 1913ರ ಸಂವಿಧಾನ ತಿದ್ದುಪಡಿ ಬಂದ ಮೇಲೆ ಸೆನೆಟರ್‌ಗಳನ್ನು (ಅಮೆರಿಕ ಸಂಸತ್ತಿನ ಮೇಲ್ಮನೆಯ ಸದಸ್ಯರನ್ನು) ಜನರೇ ನೇರವಾಗಿ ಆರಿಸಬೇಕಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಚುನಾವಣೆ. ರೂಸ್‌ವೆಲ್ಟ್‌ಗೆ ಆಗ 32 ವರ್ಷ, ನೌಕಾಪಡೆಯ ಸಹಾಯಕ ಕಾರ್ಯದರ್ಶಿ. ಎದುರಾಳಿ ಜೇಮ್ಸ್ ಜೆರಾರ್ಡ್, ಜರ್ಮನಿಗೆ ಅಮೆರಿಕದ ರಾಯಭಾರಿ. ಜೆರಾರ್ಡ್ ಬೆನ್ನಿಗೆ ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಪಕ್ಷದ ಪ್ರಬಲ ಸಂಘಟನೆ ಟ್ಯಾಮನಿ ಹಾಲ್ ಇತ್ತು. ಮೊದಲ ಮಹಾಯುದ್ಧ ಶುರುವಾಗಿದ್ದರಿಂದ ಜೆರಾರ್ಡ್ ಬರ್ಲಿನ್ ಬಿಟ್ಟು ಬರಲೇ ಇಲ್ಲ. ರೂಸ್‌ವೆಲ್ಟ್ ಊರೂರು ತಿರುಗಿದರು. ಆದರೂ ಗೆದ್ದಿದ್ದು ಬರ್ಲಿನ್‌ನಲ್ಲಿ ಕೂತವರೇ, ಅದೂ ಹೆಚ್ಚು ಕಡಿಮೆ ಮೂರಕ್ಕೆ ಒಂದರ ಲೆಕ್ಕದಲ್ಲಿ! ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಜೆರಾರ್ಡ್ ಕೂಡ ರಿಪಬ್ಲಿಕನ್ ವಾಡ್ಸ್‌ವರ್ತ್ ಎದುರು ಸೋತರು.

ನನಗೆ ಬೇಕಿರೋದು ಪ್ರೈಮರಿ ನಡೆದ ವಾರದ ಸ್ಥಳೀಯ ಪತ್ರಿಕೆಗಳ ಫೋಟೋ. ಆಲ್ಬನಿಯ ರಾಜ್ಯ ಗ್ರಂಥಾಲಯಕ್ಕೋ ಹೈಡ್ ಪಾರ್ಕ್‌ನ ರೂಸ್‌ವೆಲ್ಟ್ ಗ್ರಂಥಾಲಯಕ್ಕೋ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ಜಿಲ್ಲಾವಾರು ಮತಗಳ ಪಟ್ಟಿ ಸಿಕ್ಕರಂತೂ ತುಂಬಾ ಖುಷಿ. ಪ್ರತಿಯ ಖರ್ಚು ನಾನೇ ಕೊಡುತ್ತೇನೆ.

ಇನ್ನೊಂದು ಮಾತು. ‘ಪ್ರೈಮರಿ’ಗೆ ‘ಪ್ರಾಥಮಿಕ ಚುನಾವಣೆ’ ಅಂತ ಬರೆದರೆ ಶಾಲೆ ನೆನಪಾಗುತ್ತೆ ಅಲ್ವಾ? ‘ಪಕ್ಷದೊಳಗಿನ ಚುನಾವಣೆ’ ಅಂದರೆ ಸರಿಯಾ?