ವಯಸ್ಸಾದವರಿಗೆ ಜನರಲ್ ಅನಸ್ತೇಶಿಯಾ ಕೊಟ್ಟರೆ ಮರೆವು ಬರುತ್ತದಾ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಮಾಡಲೇಬೇಕು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಆಮೇಲೆ ತಲೆ ಮೊದಲಿನ ಹಾಗೆ ಇರಲ್ಲ, ಬೆನ್ನಿಗೆ ಕೊಡುವ ಸ್ಪೈನಲ್ಲೇ ವಾಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ? ತುಂಬಾ ಭಯ ಆಗ್ತಿದೆ.

ಉತ್ತರ 1: ಇದನ್ನೇ ನೇರವಾಗಿ ಪರೀಕ್ಷಿಸಿದ್ದಾರೆ. 2021ರಲ್ಲಿ ಪ್ರಕಟವಾದ ರೀಗೇನ್ ಅಧ್ಯಯನದಲ್ಲಿ ಅಮೆರಿಕ, ಕೆನಡಾದ 50 ದಾಟಿದ 1,600 ಜನ ಇದ್ದರು, ಎಲ್ಲರಿಗೂ ಸೊಂಟದ ಮೂಳೆಯೇ ಮುರಿದಿತ್ತು. ಯಾರಿಗೆ ಸ್ಪೈನಲ್, ಯಾರಿಗೆ ಜನರಲ್ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 60 ದಿನದ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆ ಇಲ್ಲದೆ ನಡೆಯಲಾಗದವರು ಎರಡೂ ಕಡೆ ಸುಮಾರು ಶೇ. 18. ಡೆಲಿರಿಯಂ (ಆಪರೇಷನ್ ಆದಮೇಲೆ ಕೆಲವು ದಿನ ಕಾಣುವ ಗೊಂದಲ) ಕೂಡ ಎರಡರಲ್ಲೂ ಹೆಚ್ಚುಕಡಿಮೆ ಶೇ. 20. ಹಾಗಾಗಿ ಸುಮ್ನೆ ಹೆದರಬೇಡಿ.

ಉತ್ತರ 2: ಡೆಲಿರಿಯಂ ಅಂದರೆ ಕಾಯಂ ಮರೆವಲ್ಲ, ಅದು ಗೊತ್ತಿರಲಿ. ಆಪರೇಷನ್ ಆದ ಮೊದಲ ಕೆಲವು ದಿನ ಹಗಲೋ ರಾತ್ರಿಯೋ ತಿಳಿಯಲ್ಲ, ಕೈಗೆ ಹಾಕಿದ ಡ್ರಿಪ್ ಕಿತ್ತುಹಾಕಲು ನೋಡುತ್ತಾರೆ, ಕೆಲವರು ಮಾತೇ ಆಡದೆ ಮಂಕಾಗಿ ಮಲಗಿಬಿಡುತ್ತಾರೆ. ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕನ್ನಡಕ, ಕಿವಿಯ ಮೆಷಿನ್ ಇದ್ದರೆ ಎಚ್ಚರ ಆದ ತಕ್ಷಣ ಹಾಕಿ, ರಾತ್ರಿ ನಿದ್ದೆ ಕೆಡದ ಹಾಗೆ ನೋಡಿಕೊಳ್ಳಿ, ಮನೆಯವರೊಬ್ಬರು ಪಕ್ಕದಲ್ಲೇ ಇರಿ. ಇದರಿಂದ ನಿಜವಾಗಲೂ ಉಪಯೋಗ ಇದೆ.

ಉತ್ತರ 3: ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರಾ? ಅನಸ್ತೇಶಿಯಾ ಡಾಕ್ಟರಿಗೆ ಇದನ್ನು ಮೊದಲೇ ಹೇಳಿ. ಕೆಲವು ಮಾತ್ರೆ ಇದ್ದರೆ ಬೆನ್ನುಹುರಿಯ ಸುತ್ತ ರಕ್ತಸ್ರಾವ ಆಗಬಹುದು ಅಂತ ಸ್ಪೈನಲ್ ಕೊಡಲ್ಲ. ಈಗಾಗಲೇ ಮರೆವು ಶುರುವಾಗಿದ್ದರೆ ಅದನ್ನೂ ಮುಚ್ಚಿಡಬೇಡಿ, ಡೆಲಿರಿಯಂ ಬರುವ ಸಾಧ್ಯತೆ ಅಂಥವರಿಗೇ ಜಾಸ್ತಿ.