ಗಡ್ಡೆಯೇ ಇಲ್ಲದ ಕಡೆ ‘ಗಡ್ಡೆ ನಿರೋಧಕ’?

ಪ್ರಶ್ನೆ:
ರಕ್ತ ಕ್ಯಾನ್ಸರ್ ರೋಗಿಗಳ ಕೈಪಿಡಿಯೊಂದು ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ‘ಟ್ಯೂಮರ್ ಸಪ್ರೆಸರ್ ಜೀನ್ ಮ್ಯುಟೇಶನ್’ ಎಂಬುದನ್ನು ‘ಗಡ್ಡೆ ನಿರೋಧಕ ವಂಶವಾಹಿಯ ಉತ್ಪರಿವರ್ತನೆ’ ಎಂದು ಬರೆದಿದ್ದೆ. ಕರಡು ಓದಿದ ರೋಗಿಯೊಬ್ಬರು ಕೇಳಿದರು: “ನನಗೆ ಗಡ್ಡೆ ಎಲ್ಲಿದೆ? ಮಕ್ಕಳಿಗೂ ಬರುತ್ತದೆಯೇ?” ಎರಡು ಭಯವನ್ನೂ ಹುಟ್ಟಿಸಿದ್ದು ನನ್ನ ಪದಗಳೇ. ಲ್ಯುಕೇಮಿಯಾದಲ್ಲಿ, ಅಂದರೆ ಈ ರಕ್ತ ಕ್ಯಾನ್ಸರಿನಲ್ಲಿ, ಕೆಡುವುದು ಮಜ್ಜೆ ಮತ್ತು ರಕ್ತ. ಸಾಮಾನ್ಯವಾಗಿ ಗಡ್ಡೆ ಕಟ್ಟುವುದಿಲ್ಲ. ಟಿಪಿ53 ಎಂಬ ಇಂಥದೊಂದು ಜೀನಿನ ದೋಷವೂ ಈ ರೋಗಿಗಳಲ್ಲಿ ಹೆಚ್ಚಾಗಿ ಬದುಕಿನ ನಡುವೆ ರಕ್ತಕಣಗಳಲ್ಲಷ್ಟೇ ಆದದ್ದು, ವಂಶದಿಂದ ಬಂದದ್ದಲ್ಲ. ಬೇರೆ ಪದ ಕೊಡುವಿರಾ?

ಮರು:
‘ಗಡ್ಡೆ ನಿರೋಧಕ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಅರ್ಬುದ ನಿರೋಧಕ’ ಎನ್ನಿ. ರಕ್ತದ್ದಾದರೆ ‘ರಕ್ತಾರ್ಬುದ’, ಸುಶ್ರುತನಲ್ಲೇ ಇದೆ.

ಮರು:
ಇದೆ ಸ್ವಾಮಿ, ಆದರೆ ಅದೂ ಮಾಂಸ ಬೆಳೆದು ಕಣ್ಣಿಗೆ ಕಾಣುವ ಬಾವೇ. ಗಡ್ಡೆಯನ್ನು ಸಂಸ್ಕೃತದಲ್ಲಿ ಹೇಳಿದರೆ ಕರಗಿಹೋಗುತ್ತದೆಯೇ? ಅರ್ಬುದವೆಂದರೆ ಹತ್ತು ಕೋಟಿ ಎಂಬ ಎಣಿಕೆಯೂ ಉಂಟು. ಅರಿಸಮಾಸ ಅಷ್ಟು ಚುಚ್ಚುವುದಾದರೆ ಮೊದಲು ‘ತಲೆಭಾರ’ ಇಳಿಸಿಕೊಳ್ಳಿ.

ಮರು:
ಎರಡೂ ಬೇಡ. ‘ಏಡಿಹುಣ್ಣು ತಡೆಯುವ ಪೀಳಿ’. ಅಚ್ಚಗನ್ನಡ.

ಮರು:
ರಕ್ತದಲ್ಲಿ ಹುಣ್ಣೆಲ್ಲಿ? ಏಡಿಯಾದರೂ ಲ್ಯಾಟಿನ್ನಿನ ‘ಕ್ಯಾನ್ಸರ್’ ಎಂಬುದರ ಅನುವಾದವೇ. ಪದವನ್ನು ಬಿಟ್ಟು ಕಲ್ಪನೆಯನ್ನು ಕಡ ತಂದರೆ ಅದು ಸಾಲವಲ್ಲವೇ? ‘ಪೀಳಿ’ಗೆ ಮತ್ತೊಂದು ಅಡಿಟಿಪ್ಪಣಿ ಬೇಕಾಗುತ್ತದೆ. ಜೀನ್ ಎನ್ನಿ, ಎಲ್ಲರಿಗೂ ತಿಳಿಯುತ್ತದೆ.

ಮರು:
ಜೀವಶಾಸ್ತ್ರ ಕಲಿಸುವವನಾಗಿ ಒಂದು ಮಾತು. ಹೆಸರಿಗಿಂತ ಕೆಲಸ ನೋಡಿ. ಜೀವಕಣದ ಡಿಎನ್‌ಎಗೆ ಪೆಟ್ಟು ಬಿದ್ದರೆ ಟಿಪಿ53 ಜೀನಿನಿಂದ ತಯಾರಾಗುವ ಪಿ53 ಪ್ರೋಟೀನು ಕಣ ಒಡೆದು ಎರಡಾಗುವುದನ್ನು ತಡೆದು ನಿಲ್ಲಿಸುತ್ತದೆ, ದುರಸ್ತಿಗೆ ಸಮಯ ಕೊಡುತ್ತದೆ. ಆಗದಿದ್ದರೆ ಕಣವನ್ನು ಸಾವಿಗೆ ದೂಡುತ್ತದೆ. ಇದು ಕಡಿವಾಣ. 1979ರಲ್ಲಿ ಗೊತ್ತಾದ ಈ ಪ್ರೋಟೀನನ್ನು ವಿಜ್ಞಾನಿಗಳೇ ಹತ್ತು ವರ್ಷ ಕ್ಯಾನ್ಸರ್ ಹುಟ್ಟಿಸುವ ಬಣಕ್ಕೆ ಸೇರಿಸಿದ್ದರು. ನಾವು ಒಂದು ರಾತ್ರಿ ತಡವರಿಸಿದರೆ ತಪ್ಪಿಲ್ಲ.

ಇನ್ನು ‘ಉತ್ಪರಿವರ್ತನೆ’. ನಮ್ಮ ಸಂಧಿಪ್ರಕರಣದಲ್ಲೇ ಪದಗಳು ಸಿದ್ಧವಿವೆ: ಅಕ್ಷರ ಸೇರಿದರೆ ಆಗಮ, ಬಿದ್ದರೆ ಲೋಪ, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಆದೇಶ. ಡಿಎನ್‌ಎಯಲ್ಲಿ ನಡೆಯುವುದೂ ಇದೇ. ಜೀನಿಗೆ ಎರಡು ಪ್ರತಿ. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾದ ಕೆಲವರಲ್ಲಿ ಈ ಜೀನಿರುವ 17ನೇ ವರ್ಣತಂತುವಿನ ಗಿಡ್ಡ ತೋಳು ಲೋಪವಾಗಿ ಒಂದು ಪ್ರತಿ ಹೋಗುತ್ತದೆ, ಉಳಿದ ಪ್ರತಿಯಲ್ಲಿ ಬಹುಪಾಲು ಆದೇಶ ಆಗಿರುತ್ತದೆ. ಅಂಥವರಿಗೆ ಹಳೆಯ ಕಿಮೊಥೆರಪಿ ಅಷ್ಟಾಗಿ ನಾಟುವುದಿಲ್ಲ, ಇಬ್ರುಟಿನಿಬ್‌ನಂಥ ಔಷಧಿ ಆರಿಸುತ್ತಾರೆ. ಆದ್ದರಿಂದ ಇಡೀ ಪ್ರತಿಯ ಲೋಪ ಬೇರೆ, ಪ್ರತಿಯೊಳಗಿನ ಅಕ್ಷರಗಳ ಮ್ಯುಟೇಶನ್ ಬೇರೆ ಎಂಬುದು ಕೈಪಿಡಿಯಲ್ಲಿ ಅಳಿಸಿಹೋಗಬಾರದು.

ಮರು:
ಮೇಷ್ಟ್ರೇ, ‘ನಿಮ್ಮ ಜೀನಿನಲ್ಲಿ ಆದೇಶವಾಗಿದೆ’ ಎಂದರೆ ರೋಗಿ ಸರ್ಕಾರಿ ಕಚೇರಿಗೆ ಹೋಗಿ ನಕಲು ಕೇಳಿಯಾನು.

ಪ್ರಶ್ನೆ ಕೇಳಿದವರಿಂದ:
‘ಲೋಪ’ ಇಟ್ಟುಕೊಂಡೆ, ‘ಆದೇಶ’ ಬಿಟ್ಟೆ. ‘ಕ್ಯಾನ್ಸರಿಗೆ ಕಡಿವಾಣ ಹಾಕುವ ಜೀನಿನಲ್ಲಿ, ಹುಟ್ಟಿದ ಮೇಲೆ ಆದ ಬದಲಾವಣೆ’ ಎಂದು ಕಳುಹಿಸಿದೆ.

ಮರು:
ಅದು ಪದವಲ್ಲ, ವಿವರಣೆ. ಅರ್ಬುದವೇ ಸರಿ.