ಸ್ಟುಡಿಯೊದಲ್ಲಿ ಕಪ್ಪು ಒಂದು, ಮನೆಗೆ ತಂದರೆ ಯಾವ ಶ್ರುತಿಯೂ ಅಲ್ಲ: ಆಲ್ಬಂ ಬಿಡುಗಡೆಗೆ ಮುನ್ನ ಸಹಾಯ ಬೇಕು

ಏಕತಾರಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಎಂಟು ಹಾಡುಗಳ ಒಂದು ಆಲ್ಬಂ ಮಾಡುತ್ತಿದ್ದೇನೆ. ಎರಡು ದಾಸರ ಪದ, ಮೂರು ತತ್ವಪದ, ಎರಡು ಭಾವಗೀತೆ, ಕೊನೆಯಲ್ಲಿ ಭೀಮಪಲಾಸ ರಾಗದ ಆಲಾಪದೊಂದಿಗೆ ಒಂದು ವಚನ. ನನ್ನ ಗಾಯನ, ಹಾರ್ಮೋನಿಯಂ, ತಬಲಾ ಮೂರನ್ನೂ ಒಂದು ಬಾಡಿಗೆ ಸ್ಟುಡಿಯೊದಲ್ಲಿ ಎರಡು ದಿನ ಕುಳಿತು ಮುಗಿಸಿದೆವು. ದುಡ್ಡೂ ಅಲ್ಲಿಗೇ ಮುಗಿಯಿತು. ತಂಬೂರಿ, ಕೊಳಲು, ಹಿಮ್ಮೇಳವನ್ನು ಮನೆಯಲ್ಲೇ ಸೇರಿಸಿಕೊಳ್ಳೋಣ ಎಂದು ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ.

ಗ್ರಹಚಾರ ಶುರುವಾದದ್ದು ಇಲ್ಲಿಂದ. ನಾನು ಹಾಡಿದ್ದು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ಲ್ಯಾಪ್‌ಟಾಪಿನಲ್ಲಿ ಅದೇ ಹಾಡು ಬಿಳಿ ಒಂದಕ್ಕೂ ಕೂರುವುದಿಲ್ಲ, ಬಿಳಿ ಏಳಕ್ಕೂ ಕೂರುವುದಿಲ್ಲ, ನಡುವೆ ಎಲ್ಲೋ ತೇಲುತ್ತದೆ. ಮೊಬೈಲಿನ ತಂಬೂರಿಯನ್ನು ಚೂರು ಚೂರೇ ಇಳಿಸಿ ಹೇಗೋ ಹೊಂದಿಸಿದೆ. ಅತ್ತಿಗೆ ಅದಕ್ಕೇ ಹಿಮ್ಮೇಳ ಹಾಡಿಕೊಟ್ಟು ಊರಿಗೆ ಹೋದರು. ಬಣ್ಣ ಬಯಲಾದದ್ದು ಕೊಳಲಿನವರು ಬಂದ ದಿನ. ಚೀಲದಿಂದ ಒಂದೊಂದೇ ಕೊಳಲು ತೆಗೆದು ಊದಿದರು, ಒಂಬತ್ತರಲ್ಲಿ ಒಂದೂ ಹೊಂದಲಿಲ್ಲ. "ನಿಮ್ಮ ಪೇಟಿಯೇ ಕೆಟ್ಟಿದೆ" ಎಂದವರು ಚಹಾ ಕೂಡ ಕುಡಿಯದೆ ಎದ್ದು ಹೋದರು.

ಮುಂದಿನ ತಿಂಗಳ ಒಂದು ಶುಕ್ರವಾರಕ್ಕೆ ಬಿಡುಗಡೆ ನಿಗದಿ ಮಾಡಿಕೊಂಡಿದ್ದೇನೆ. ದಾರಿ ತೋರಿಸಿ.

ಬಿಳಿ ಐದು (ಶಿರಸಿ)

ಹಾರ್ಮೋನಿಯಂ ರೀಡುಗಳನ್ನೇ ಮೊದಲು ನೋಡಿ. ಹಳೆಯ ಪೇಟಿಗಳು 440 ಹರ್ಟ್ಸ್ ಎಂಬ ಪ್ರಮಾಣ ಶ್ರುತಿಗೆ ಸರಿಯಾಗಿ ಇರುವುದಿಲ್ಲ. ಮಳೆಗಾಲದಲ್ಲಂತೂ ನಮ್ಮ ಕಡೆ ರೀಡಿನ ಮೇಲೆ ಕಿಲುಬು ಕೂತು ಸ್ವರ ಇಳಿಯುತ್ತದೆ.

ಏಕತಾರಿ

ಪೇಟಿ ಒಂದೇ ಇಳಿದಿದ್ದರೆ ನನ್ನ ದನಿಗೂ ಅದಕ್ಕೂ ಜಗಳವಾಗಬೇಕಿತ್ತಲ್ಲ? ಅವೆರಡೂ ಒಂದಕ್ಕೊಂದು ಸರಿಯಾಗಿಯೇ ಇವೆ. ತಬಲಾವೂ ಅವುಗಳ ಜೊತೆಗೇ ಇಳಿದಿದೆ.

ಫೇಡರ್ (ಬೆಂಗಳೂರು)

ಎಲ್ಲ ಟ್ರ್ಯಾಕುಗಳನ್ನೂ ಆರಿಸಿಕೊಂಡು, ವೇಗ ಬದಲಿಸದೆ ಶ್ರುತಿಯನ್ನಷ್ಟೇ ಸರಿಸುವ ಪಿಚ್ ಶಿಫ್ಟ್‌ನಲ್ಲಿ ಒಂದೂವರೆ ಮನೆ (ಪೇಟಿಯ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರವೇ ಒಂದು ಮನೆ) ಮೇಲಕ್ಕೆ ಎತ್ತಿಬಿಡಿ. ಐದು ನಿಮಿಷದ ಕೆಲಸ.

ಏಕತಾರಿ

ಮಾಡಿದೆ ಸರ್. ಶ್ರುತಿ ಹತ್ತಿರ ಬಂತು. ಆದರೆ ತಬಲಾದ ಒಂದೊಂದು ಪೆಟ್ಟೂ ಕಲ್ಲಿನ ಮೇಲೆ ಒದ್ದೆ ಬಟ್ಟೆ ಬಡಿದ ಹಾಗೆ ಕೇಳಿಸುತ್ತಿದೆ. ನನ್ನ ಮೀಂಡಿನಲ್ಲಿ (ಸ್ವರದಿಂದ ಸ್ವರಕ್ಕೆ ಜಾರುವಲ್ಲಿ) ಸಣ್ಣ ಸಣ್ಣ ಮೆಟ್ಟಿಲುಗಳು ಮೂಡಿವೆ. ಹಾಡಂತೂ ಇನ್ನೂ ಜಡವಾಗಿಯೇ ಇದೆ, ಜ್ವರ ಬಂದವನು ಹಾಡಿದಂತೆ.

ರೀಲ್ ಟೇಪ್ (ಮೈಸೂರು)

"ಜಡವಾಗಿದೆ" ಎಂದಿರಲ್ಲ, ಆ ಮಾತನ್ನು ಮೊದಲೇ ಹೇಳಿದ್ದರೆ ಇಷ್ಟು ಸುತ್ತು ಬರಬೇಕಾಗಿರಲಿಲ್ಲ. ಪಿಚ್ ಶಿಫ್ಟ್ ತೆಗೆದು ಹಾಕಿ. ಸ್ಟುಡಿಯೊದಲ್ಲಿ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಾರೆಯೇ? ಅದರಲ್ಲಿ ಒಂದು ಹಾಡು ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಎಷ್ಟು ಹೊತ್ತು ಇದೆ, ಲ್ಯಾಪ್‌ಟಾಪಿನಲ್ಲಿ ಎಷ್ಟು ಹೊತ್ತು ಇದೆ, ಗಡಿಯಾರ ಹಿಡಿದು ಬರೆಯಿರಿ. ಕಿವಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ.

ಏಕತಾರಿ

ತಬಲಾದವರ ಮಗ ಎರಡನೆಯ ತತ್ವಪದವನ್ನು ಪೂರ್ತಿ ಚಿತ್ರಿಸಿದ್ದಾನೆ. ವಿಡಿಯೊದಲ್ಲಿ 5 ನಿಮಿಷ 50 ಸೆಕೆಂಡು. ಲ್ಯಾಪ್‌ಟಾಪಿನಲ್ಲಿ 6 ನಿಮಿಷ 21 ಸೆಕೆಂಡು! ಅರ್ಧ ನಿಮಿಷ ಎಲ್ಲಿಂದ ಬಂತು?

ರೀಲ್ ಟೇಪ್

381ನ್ನು 350ರಿಂದ ಭಾಗಿಸಿ. 1.0886. ಈಗ 48ನ್ನು 44.1ರಿಂದ ಭಾಗಿಸಿ. 1.0884. ಕಳ್ಳ ಸಿಕ್ಕ.

ಸ್ಯಾಂಪಲ್ ಎಂದರೆ ಧ್ವನಿಯ ಒಂದು ಕ್ಷಣದ ಅಳತೆ. ನಿಮ್ಮ ಸ್ಟುಡಿಯೊ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ ಧ್ವನಿ ಹಿಡಿದಿದೆ. ಲ್ಯಾಪ್‌ಟಾಪಿನ ತಂತ್ರಾಂಶದಲ್ಲಿ ನೀವು ತೆರೆದ ಪ್ರಾಜೆಕ್ಟ್ ಅದನ್ನು ಸೆಕೆಂಡಿಗೆ 44,100ರಂತೆ ಬಡಿಸುತ್ತಿದೆ. ಅನ್ನ ಅಷ್ಟೇ, ಪಂಕ್ತಿ ಉದ್ದವಾಯಿತು. ಹಾಡು ನಿಧಾನವಾದಂತೆಲ್ಲ ಶ್ರುತಿಯೂ ಕುಸಿಯುತ್ತದೆ, ಸುಮಾರು ಒಂದೂವರೆ ಮನೆಯಷ್ಟು. ಪೂರ್ತಿ ಒಂದು ಮನೆಯೋ ಎರಡು ಮನೆಯೋ ಇಳಿದಿದ್ದರೆ ಪಕ್ಕದ ಇನ್ನೊಂದು ಕೊಳಲು ಹೊಂದುತ್ತಿತ್ತು, ನೀವೂ ಗಮನಿಸದೆ ಬಿಡುಗಡೆ ಮಾಡಿಬಿಡುತ್ತಿದ್ದಿರಿ. ಆ ಅರ್ಧ ಮನೆ ನಿಮ್ಮನ್ನು ಉಳಿಸಿದೆ. ಕೊಳಲಿನವರಿಗೆ ಇನ್ನೊಂದು ಚಹಾ ಕೊಡಿಸಿ.

ಸ್ಟುಡಿಯೊದವರೂ ನೀವೂ ಇಬ್ಬರೂ ತಪ್ಪು ಸಂಖ್ಯೆ ಆರಿಸಿಲ್ಲ ಎನ್ನುವುದೇ ಇದರಲ್ಲಿನ ತಮಾಷೆ. ವಿಡಿಯೊ ಕೆಲಸಕ್ಕೆ 48 ರೂಢಿ. ಮದುವೆ, ಕಿರುಚಿತ್ರ ಎಂದು ದುಡಿಯುವ ಸ್ಟುಡಿಯೊಗಳು ಅದರಲ್ಲೇ ಇಟ್ಟಿರುತ್ತವೆ. 44.1 ಸಿಡಿಯ ಲೆಕ್ಕ. ಆ ವಿಚಿತ್ರ ಸಂಖ್ಯೆ ಬಂದದ್ದೂ ವಿಡಿಯೊದಿಂದಲೇ: ಆಗ ಡಿಜಿಟಲ್ ಧ್ವನಿಯನ್ನು ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು, ಒಂದು ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಬಾರಿ. ಗುಣಿಸಿ ನೋಡಿ, 44,100.

ಏಕತಾರಿ

ಗುರುಗಳೇ, ಫೈಲಿನ ಮಾಹಿತಿಯಲ್ಲಿ 48000 ಎಂದೇ ಇದೆ. ನನ್ನ ಪ್ರಾಜೆಕ್ಟ್ 44100. ಫೈಲು ಸೇರಿಸುವಾಗ ತಂತ್ರಾಂಶ ಏನೋ ಒಂದು ಕೇಳಿತ್ತು, "ಬೇಡ" ಎಂದು ಒತ್ತಿದ ನೆನಪು. ಈಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕೇ?

ರೀಲ್ ಟೇಪ್

ಬೇಡ. ಹೊಸ ಪ್ರಾಜೆಕ್ಟನ್ನು 48ರಲ್ಲೇ ತೆರೆದು ಸ್ಟುಡಿಯೊದ ಮೂಲ ಫೈಲುಗಳನ್ನು ಹಾಗೆಯೇ ಸೇರಿಸಿ. ಪಿಚ್ ಶಿಫ್ಟ್ ಮಾಡಿದ ಪ್ರತಿಗಳನ್ನು ಎಸೆಯಿರಿ. ಮಿಕ್ಸ್ ಮುಗಿಯುವ ತನಕ 48, 24 ಬಿಟ್. ಸಿಡಿ ಮಾಡಿಸುವುದಾದರೆ ಕಟ್ಟಕಡೆಯಲ್ಲಿ ಒಂದೇ ಒಂದು ಸಲ 44.1, 16 ಬಿಟ್‌ಗೆ ಇಳಿಸಿ.

ತಂಬೂರಿಯನ್ನು ಹೊಸದಾಗಿ ಹಾಕಿ, ಅದೇನು ಮಹಾ. ತೊಡಕಿರುವುದು ಅತ್ತಿಗೆಯವರ ಹಿಮ್ಮೇಳದಲ್ಲಿ. ಅವರು ಹಾಡಿದ್ದು ನಿಧಾನವಾದ ಹಾಡಿಗೆ, ಇಳಿದ ಶ್ರುತಿಗೆ. ಹಾಗಾಗಿ ಅದೇ ತಪ್ಪನ್ನು ತಿರುವು ಮುರುವು ಮಾಡಬಹುದು. ಅವರ ಟ್ರ್ಯಾಕನ್ನು ಅಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು, ಟ್ರ್ಯಾಕಿನ ಮೆನುವಿನಲ್ಲಿ ರೇಟ್ 48000 ಎಂದು ಬದಲಿಸಿ. ಲಯ, ಶ್ರುತಿ ಎರಡೂ ಒಟ್ಟಿಗೆ ಮೇಲೇರಿ ಹಾಡಿಗೆ ಕೂರುತ್ತವೆ. ಪಿಚ್ ಶಿಫ್ಟ್ ಅಲ್ಲ ಇದು, ರೀಲನ್ನು ಚೂರು ಬೇಗ ತಿರುಗಿಸಿದ ಹಾಗೆ. ಆದ್ದರಿಂದ ಆ ಒದ್ದೆ ಬಟ್ಟೆಯ ಸದ್ದು ಬರುವುದಿಲ್ಲ. ದನಿ ಮಾತ್ರ ತುಸು ತೆಳ್ಳಗಾಗುತ್ತದೆ. ಮುಂದೆ ನಿಂತು ಹಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ, ಹಿಂದೆ ನಿಂತ ದನಿಗೆ ನಡೆಯುತ್ತದೆ.

ತಟ್ಟೆ ಸಂಗ್ರಹ (ಹುಬ್ಬಳ್ಳಿ)

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇದು ಕಂಪ್ಯೂಟರ್ ತಂದ ರೋಗವಲ್ಲ. ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳೆಂದು ನಾವು ಕರೆಯುತ್ತೇವಲ್ಲ, ಆರಂಭದ ದಿನಗಳಲ್ಲಿ ಅವು ಎಲ್ಲವೂ 78ಕ್ಕೇ ತಿರುಗುತ್ತಿರಲಿಲ್ಲ, ಕೆಲವು ಹೆಚ್ಚು, ಕೆಲವು ಕಡಿಮೆ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಮೂರು ನಿಮಿಷದ ತಟ್ಟೆಯಿಂದ ಹಿಡಿದು ಮುಂದಿನ ಎಷ್ಟೋ ವರ್ಷಗಳವರೆಗೆ ಯಾರು ಯಾವ ಶ್ರುತಿಯಲ್ಲಿ ಹಾಡಿದರು ಎಂದು ಬರಿಯ ತಟ್ಟೆ ಕೇಳಿ ಆಣೆ ಮಾಡಲಾಗದು. ನಾನು ಪೇಟಿಯ ದನಿಯನ್ನು ಹಿಡಿದು ಅಂದಾಜು ಮಾಡುತ್ತೇನೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವವರಿಗೂ ಇದೇ ಪಾಡು: ಡೆಕ್ಕಿನ ಬೆಲ್ಟ್ ಸಡಿಲವಾದರೆ ಹೆಣ್ಣುದನಿ ಗಂಡುದನಿಯ ಕಡೆಗೆ ವಾಲುತ್ತದೆ.

ಏಕತಾರಿ

ಈಗ 5 ನಿಮಿಷ 50 ಸೆಕೆಂಡು, ಕಪ್ಪು ಒಂದು! ತಬಲಾ ಮತ್ತೆ ತಬಲಾ ಆಗಿದೆ. ಗುರುಗಳಿಗೆ ಸಾಷ್ಟಾಂಗ.

ಇನ್ನೆರಡು ತೊಂದರೆಗಳಿವೆ, ಸಿಟ್ಟಾಗಬೇಡಿ. ವಚನದ ಆಲಾಪದಲ್ಲಿ ಫ್ಯಾನಿನ ಸದ್ದಿತ್ತು, ಮಿಕ್ಸಿನ ಮೇಲೆ ನಾಯ್ಸ್ ರಿಡಕ್ಷನ್ ಹಾಕಿದೆ. ಫ್ಯಾನ್ ಹೋಯಿತು, ತಂಬೂರಿಯೂ ನೀರಿನೊಳಗೆ ಮುಳುಗಿತು. ಎರಡನೆಯದು: ತತ್ವಪದಗಳಲ್ಲಿ ದಮ್ಮಡಿ, ತಾಳ ಎಲ್ಲ ಸೇರಿ ಜೋರು ಅಳೆಯುವ ಮೀಟರ್ (ಸೊನ್ನೆಗೆ ಹತ್ತಿರವಾದಷ್ಟೂ ಜೋರು) –9 ಎಲ್‌ಯುಎಫ್‌ಎಸ್ ತೋರಿಸುತ್ತಿದೆ, ವಚನ –20. ಎಲ್ಲ ಹಾಡನ್ನೂ –14ಕ್ಕೆ ತರಲೇಬೇಕು ಎಂದು ಗೆಳೆಯರು ಹೇಳುತ್ತಾರೆ. ತರಲೇ?

ಫೇಡರ್

ಪಿಚ್ ಶಿಫ್ಟ್ ಸಲಹೆ ನನ್ನದೇ, ತಪ್ಪೊಪ್ಪಿಕೊಂಡೆ. ಆದರೆ ಈ ಪ್ರಶ್ನೆ ನನ್ನ ಅಂಗಳದ್ದು.

ನಾಯ್ಸ್ ರಿಡಕ್ಷನ್‌ಗೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಬಿಡದೆ ಒಂದೇ ಸಮನೆ ಕೇಳುವುದೆಲ್ಲ ಅದರ ಪಾಲಿಗೆ ಗಲಾಟೆ. ಗಾಯನದ ಟ್ರ್ಯಾಕಿನ ಮೇಲೆ ಮಾತ್ರ, ತಂಬೂರಿ ಸೇರಿಸುವ ಮೊದಲು, ಲಘುವಾಗಿ ಹಾಕಿ. ಉಳಿದ ಚೂರುಪಾರು ಫ್ಯಾನನ್ನು ತಂಬೂರಿಯೇ ಮುಚ್ಚುತ್ತದೆ. ಮೆಲುದನಿಯನ್ನು ಮುಚ್ಚಿಬಿಡುವ ಗೇಟ್ ಹಾಕಬೇಡಿ, ಸ್ವರದ ಬಾಲವನ್ನು ಕತ್ತರಿಸಿಬಿಡುತ್ತದೆ.

–14ರ ವಿಷಯ. ಸ್ಪಾಟಿಫೈ ಸಾಮಾನ್ಯ ಸೆಟ್ಟಿಂಗಿನಲ್ಲಿ ಆ ಮಟ್ಟಕ್ಕೆ ಹೊಂದಿಸಿ ನುಡಿಸುವುದು ನಿಜ. –9ರ ತತ್ವಪದವನ್ನು ಅದು 5 ಡೆಸಿಬೆಲ್ ಇಳಿಸುತ್ತದೆ. ಅಂದರೆ ಜೋರಿನ ತುದಿಗಳನ್ನು ಅದುಮುವ ಲಿಮಿಟರಿನಲ್ಲಿ ದಮ್ಮಡಿಯನ್ನು ಹಿಂಡಿ ಹಿಪ್ಪೆ ಮಾಡಿ ನೀವು ಗಳಿಸಿದ ಜೋರು ಸೊನ್ನೆ, ಹಿಪ್ಪೆ ಮಾತ್ರ ನಿಮ್ಮ ಪಾಲಿಗೆ. ಮೆಲ್ಲಗಿರುವ ವಚನವನ್ನು ಅದು ಏರಿಸಲು ನೋಡುತ್ತದೆ, ಆದರೆ ನೆತ್ತಿಯಲ್ಲಿ 1 ಡೆಸಿಬೆಲ್ ಜಾಗ ಬಿಟ್ಟು. ನಿಮ್ಮ ತಾನಿನ ತುದಿ ಆಗಲೇ –3ಕ್ಕೆ ಮುಟ್ಟಿದ್ದರೆ ಏರುವುದು 2 ಡೆಸಿಬೆಲ್ ಅಷ್ಟೇ.

ಹೆಚ್ಚಿನವರು ಮರೆಯುವ ಮಾತು ಬೇರೆಯೇ. ಕೇಳುಗ ಆಲ್ಬಂ ಅನ್ನು ಮೊದಲಿನಿಂದ ಕೊನೆಗೆ ಕೇಳಿದರೆ ಅಲ್ಲಿ ಇಡೀ ಆಲ್ಬಂಗೆ ಒಂದೇ ಅಳತೆ. ಜೋರಿನ ಹಾಡು ಜೋರಾಗಿ, ಮೆಲ್ಲನೆಯದು ಮೆಲ್ಲನೆ, ನೀವು ಇಟ್ಟ ಅಂತರದಲ್ಲೇ ಉಳಿಯುತ್ತವೆ. ಹಾಗಾಗಿ ಪ್ರತಿ ಹಾಡನ್ನೂ –14ಕ್ಕೆ ತಂದರೆ ಆಲಾಪ ದಮ್ಮಡಿಯಷ್ಟೇ ಜೋರಾಗಿ ಕಿವಿಯ ಪಕ್ಕದಲ್ಲಿ ಕೂಗುತ್ತದೆ, ನಡುವೆ ಪೇಟಿಯ ತಿದಿಯ ಉಸಿರು ಬುಸ್ ಬುಸ್ ಎನ್ನುತ್ತದೆ. ತತ್ವಪದದ ಲಿಮಿಟರ್ ಸಡಿಲಿಸಿ –13ರ ಹತ್ತಿರಕ್ಕೆ ತನ್ನಿ. ವಚನವನ್ನು –18ರ ಸುತ್ತ ಬಿಡಿ. ಭಾವಗೀತೆ, ದಾಸರ ಪದ ನಡುವೆ. ಟ್ರೂ ಪೀಕ್ (ಧ್ವನಿಯ ಅತಿ ಎತ್ತರದ ತುದಿ) ಎಲ್ಲದಕ್ಕೂ –1. ಆಮೇಲೆ ಮೀಟರ್ ಮುಚ್ಚಿ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಕಡೆಗಳನ್ನಷ್ಟೇ ಕೇಳಿ. ವಾಲ್ಯೂಮಿಗೆ ಕೈ ಹೋಗದಿದ್ದರೆ ಸರಿ ಎಂದರ್ಥ. ಚಿತ್ರಗೀತೆಗೆ ನಾನು ಬೇರೆ ಲೆಕ್ಕ ಹೇಳುತ್ತಿದ್ದೆ, ಅದು ಬಸ್ಸಿನಲ್ಲೂ ಕೇಳಬೇಕು.

ಕಡತ (ಬೆಂಗಳೂರು)

ಧ್ವನಿಯ ವಿಷಯ ನನಗೆ ತಿಳಿಯದು, ಕಾಗದದ್ದು ತಿಳಿದಿದೆ. ಭಾವಗೀತೆ ಯಾರವು, ತತ್ವಪದದ ಮಟ್ಟು ಯಾರದು?

ಏಕತಾರಿ

ಭಾವಗೀತೆ ಎರಡೂ ಬೇಂದ್ರೆಯವರದು, ಮಟ್ಟು ನನ್ನದು. ತತ್ವಪದ ಮೂರೂ ಷರೀಫರದು. ಎರಡರ ಮಟ್ಟು ನಮ್ಮ ಊರಿನ ಭಜನೆಯದು, ಒಂದು ಮಾತ್ರ ಸಿ. ಅಶ್ವತ್ಥ್ ಹಾಡಿದ ಧಾಟಿ. ಷರೀಫರಿಗೆ ಹಕ್ಕಿನ ತೊಡಕು ಇಲ್ಲವಲ್ಲ?

ಕಡತ

ಷರೀಫರು ತೀರಿಕೊಂಡದ್ದು 1889ರಲ್ಲಿ, ಪದ ಎಲ್ಲರದು. ಆದರೆ ಅಶ್ವತ್ಥ್ ಅವರ ಸ್ವಂತ ಸಂಯೋಜನೆಯಾದರೆ ಆ ಮಟ್ಟು ಎಲ್ಲರದಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕವಿತೆಗೂ ಸಂಗೀತ ರಚನೆಗೂ ಕರ್ತೃವಿನ ನಿಧನದ ನಂತರ 60 ವರ್ಷ ರಕ್ಷಣೆಯಿದೆ. ಅಶ್ವತ್ಥ್ ಹೋದದ್ದು 2009ರ ಡಿಸೆಂಬರಿನಲ್ಲಿ, ಅಂದರೆ 2069 ಮುಗಿಯುವ ತನಕ. ಬೇಂದ್ರೆಯವರು 1981, ಅಂದರೆ 2041ರ ಕೊನೆಯವರೆಗೆ. ಮಟ್ಟು ನಿಮ್ಮದಾದರೂ ಕವಿತೆಗೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಫೋನಿನಲ್ಲಿ "ಹಾಡಿಕೊಳ್ಳಿ" ಎಂದದ್ದು ಸಾಲದು.

ಹಾಡಿದ ಹಾಡನ್ನು ಮತ್ತೆ ಹಾಡಲು 2012ರ ತಿದ್ದುಪಡಿಯಲ್ಲಿ 31ಸಿ ಎಂಬ ಕಲಮು ಇದೆ. ಅದಕ್ಕೆ ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ತೆರಬೇಕು. ನಿಮ್ಮಂಥವರಿಗೆ ಅದು ಆನೆ ಸಾಕುವ ಬಾಬತ್ತು. ಆ ಒಂದು ಪದಕ್ಕೂ ನಿಮ್ಮೂರಿನ ಭಜನೆಯ ಮಟ್ಟು ಇದ್ದರೆ ಅದನ್ನೇ ಹಾಡಿ.

ಬಿಳಿ ಐದು

ಪೇಟಿಯ ಮೇಲೆ ತಪ್ಪು ಹೊರಿಸಿದ್ದಕ್ಕೆ ಪೇಟಿಯ ಕ್ಷಮೆ ಕೇಳುತ್ತೇನೆ.

ಏಕತಾರಿ (ಹನ್ನೊಂದು ದಿನಗಳ ನಂತರ)

ವರದಿ ಒಪ್ಪಿಸುತ್ತಿದ್ದೇನೆ. ಬಿಡುಗಡೆಯನ್ನು ಮೂರು ಶುಕ್ರವಾರ ಮುಂದಕ್ಕೆ ಹಾಕಿದೆ. ಬೇಂದ್ರೆಯವರ ಕವಿತೆಗಳಿಗೆ ಪತ್ರ ಬರೆದಿದ್ದೇನೆ, ಉತ್ತರ ಬರುವ ತನಕ ಆ ಎರಡು ಹಾಡು ಪಟ್ಟಿಯ ಹೊರಗೆ. ಅಶ್ವತ್ಥ್ ಧಾಟಿಯ ಪದವನ್ನು ಬಿಟ್ಟೆ. ಅದೇ ಪದಕ್ಕೆ ಓಣಿಯ ಹಿರಿಯರೊಬ್ಬರು ಬೇರೆ ಮಟ್ಟು ಹೇಳಿಕೊಟ್ಟರು, ಏಕತಾರಿ ಒಂದೇ ಹಿಡಿದು ಮನೆಯಲ್ಲೇ ಹಾಡಿದೆ, 48ರಲ್ಲಿ.

ಕೊಳಲಿನವರು ಬಂದರು. ಮೊದಲ ಕೊಳಲೇ ಹೊಂದಿತು. ಚಹಾ ಎರಡು ಸಲ ಕುಡಿದರು.

ಅತ್ತಿಗೆಯ ಹಿಮ್ಮೇಳವನ್ನು ಗುರುಗಳು ಹೇಳಿದಂತೆ ರೇಟ್ ಬದಲಿಸಿ ಕೂರಿಸಿದೆ. ದನಿಗೆ ಹತ್ತು ವರ್ಷ ಕಡಿಮೆಯಾಗಿದೆ. ಮತ್ತೆ ಹಾಡಿಕೊಡಿ ಎಂದು ಕೇಳೋಣವೆಂದು ಫೋನಿನಲ್ಲಿ ಕೇಳಿಸಿದೆ. ಎರಡು ಸಲ ಕೇಳಿ, ಇದೇ ಇರಲಿ, ಮುಟ್ಟಬೇಡ ಎಂದರು.